ಕೆನ್ನೆಯ ಅರಿಶಿನ ಒರೆಸುವ ಸರುಬಾಯಿ

1985ರ ಬೇಸಿಗೆ. ಹುಮನಾಬಾದಿನ ಒಂದು ಆಸ್ಪತ್ರೆ, ಬೆಳಗಿನ ಆರು ಗಂಟೆ. ಸ್ಟೋವಿನ ಮೇಲೆ ಇಕ್ಕಳ, ಕತ್ತರಿ ಕುದಿಯುತ್ತಿವೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಯಾ ಸರುಬಾಯಿ ವರಾಂಡ ಗುಡಿಸುತ್ತಿದ್ದಾರೆ. ದುಬಲಗುಂಡಿಯ ಮೊದಲ ಬಸ್ಸಿಳಿದ ಅಜ್ಜಿಯೊಬ್ಬಳು ಆರು ವರ್ಷದ ಮೊಮ್ಮಗಳನ್ನು ಹೊತ್ತು ಬರುತ್ತಾಳೆ. ಮಗುವಿನ ಕೆನ್ನೆಗೆ ಅರಿಶಿನ, ಕೈಯಲ್ಲಿ ಕೊಬ್ಬರಿ ಬಟ್ಟಲು. ಸರುಬಾಯಿ ಕಸಬರಿಗೆ ಕೆಳಗಿಡುತ್ತಾರೆ.

“ದೊಡ್ಡಾಕಿ ಆಗ್ಯಾಳ್ರಿ. ನಾಕ್ ದಿನಾ ಆತು, ರಕ್ತ ನಿಂದ್ರವಲ್ದು,” ಅಜ್ಜಿ ಪಿಸುಗುಡುತ್ತಾಳೆ. ಮಗುವನ್ನು ಮೂಲೆಗೆ ಕೂಡಿಸಿ ಆರತಿ ಎತ್ತಿದ್ದೂ ಆಗಿದೆ, ಶಾಲೆ ಬಿಡಿಸಿದ್ದೂ ಆಗಿದೆ. ಮದುವೆಯ ಮಾತೂ ಎದ್ದಿದೆ.

ಸರುಬಾಯಿ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. “ಹೆಸರೇನವ್ವಾ?”

“ದ್ರೌಪತಿ.”

“ನೀರಾಗ ಆಡಾಕ ಎಲ್ಲಿ ಹೋಗಿದ್ದಿ?”

“ಎಮ್ಮಿ ಕೂಡ ಕೆರ್ಯಾಗ ಇಳಿದಿದ್ದೆ.”

ಅಷ್ಟು ಸಾಕು. ಸರುಬಾಯಿ ನೇರ ವೈದ್ಯೆಯ ಬಳಿ ಹೋಗುತ್ತಾರೆ. “ಡಾಕ್ಟರ್ ಬಾಯಿ, ಜಿಗಳಿ ಇರಬಹುದ್ರಿ.” ಬೇಸಿಗೆಯ ಕೆರೆಯಲ್ಲಿ ಸಣ್ಣ ಜಿಗಣೆ ಮಗುವಿನ ಮೈಯೊಳಗೆ ಸೇರಿಕೊಳ್ಳುವುದು ಅಪರೂಪ; ಕಸಬರಿಗೆ ಹಿಡಿದವರ ಮಾತಿಗೆ ಕಿವಿಗೊಡುವ ಡಾಕ್ಟರೂ ಅಷ್ಟೇ ಅಪರೂಪ. ಈ ವೈದ್ಯೆ ಕಿವಿಗೊಡುತ್ತಾರೆ. ಉಪ್ಪುನೀರಿನಿಂದ ತೊಳೆದಾಗ ಜಿಗಣೆ ಬಿಟ್ಟು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿದೆ.

ಸರುಬಾಯಿ ಇದನ್ನು ಕಲಿತದ್ದು 1956ರಲ್ಲಿ, ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದ ತಮ್ಮ ಮನೆಯಲ್ಲಿ. ಅವರಿಗಾಗ ಹನ್ನೊಂದು, ತಂಗಿಗೆ ಐದು. “ಇದೇ ರೀತಿ ಆಗಿತ್ರಿ. ಮೂಲಿಗಿ ಕೂಡಿಸಿ ಆರತಿ ಮಾಡಿದ್ರು. ನಾನೂ ಹಾಡಿದೆ. ಒಂಬತ್ತನೇ ದಿನ ತಂಗಿ ಹೋದಳು. ಮೈ ತೊಳೆಯಾಕತ್ತಾಗ ಜಿಗಳಿ ಬಿತ್ತು.” ಕೇಳುತ್ತ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಕಣ್ಣು ತುಂಬುತ್ತದೆ, ಅವರು ಬಟ್ಟೆ ಹಿಂಡುತ್ತಲೇ ಇದ್ದಾರೆ. ಅಂದಿನಿಂದ ಅವರು ಯಾವ ಆರತಿಗೂ ಹಾಡಿಲ್ಲ.

ಆಯಾ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ. ದಿನಕ್ಕೆ ನಲವತ್ತು ಚಾದರ ಒಗೆಯುತ್ತಾರೆ, ಬಾವಿಯಿಂದ ಮೂವತ್ತು ಕೊಡ ನೀರು ಸೇದುತ್ತಾರೆ. ಇದರ ನಡುವೆ ಹೀಗೆ ಬಂದ ಪುಟ್ಟ ಹುಡುಗಿಯರು ಏಳು ಮಂದಿ. ಐವರದು ಜಿಗಣೆ, ಒಬ್ಬಳದು ಬಂಡಿಯಿಂದ ಬಿದ್ದ ಪೆಟ್ಟು. ಇನ್ನೊಬ್ಬಳಿಗೆ ದೊಡ್ಡ ರೋಗವಿತ್ತು, ಹೈದರಾಬಾದಿಗೆ ಕಳಿಸಿದರು. “ಏನ್ ರೋಗಾಂತ ಹೇಳೋರು ಡಾಕ್ಟರ್ ಬಾಯಿ. ನಾ ಬರೇ ಕೂಸಿಗಿ ಕೇಳ್ತೇನ್ರಿ. ಕೂಸಿಗಿ ಯಾರೂ ಕೇಳಿರಂಗಿಲ್ಲ.”

ಸಂಜೆ ಅಜ್ಜಿ ಅಳುತ್ತಾಳೆ. “ಊರಾಗ ಏನಂತ ಹೇಳ್ಲಿ?”

“ಜಿಗಳಿ ಹತ್ತಿತ್ತು ಅನ್ರಿ. ಆರಾಮ ಆದ ಮ್ಯಾಲ ಸಾಲಿಗಿ ಕಳಸ್ರಿ.” ಸರುಬಾಯಿ ಒದ್ದೆ ಬಟ್ಟೆಯಿಂದ ದ್ರೌಪತಿಯ ಕೆನ್ನೆಯ ಅರಿಶಿನ ಒರೆಸುತ್ತಾರೆ. ಮಗು ಕೊಬ್ಬರಿ ಕಚ್ಚುತ್ತ ನಗುತ್ತದೆ.

ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ. ಅವರು ಮಗುವಿನ ತಲೆ ಸವರುತ್ತಾರೆ.

“ಇಕಿ ಖರೇನ ದೊಡ್ಡಾಕಿ ಆದಾಗ ಕರೀಲಿ. ಆರತಿಗಿ ನಾ ಹೋಗಿ ಹಾಡ್ತೇನ್ರಿ.”