ಮೂರು ಮಡಿಕೆಯ ಲಂಗ

ಅಮೆರಿಕದ ಏಪೆಕ್ಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಯುಗಾದಿ ಬಂತೆಂದರೆ ಮಗಳಿಗೆ ಅದೇ ಹಸಿರು ರೇಷ್ಮೆ ಲಂಗ ಹಾಕಿ ನಮ್ಮ ಮನೆಗೆ ಕರೆತರುತ್ತಿದ್ದರು. ಮಗು ಬೆಳೆದ ಹಾಗೆ ಬಿಚ್ಚಲೆಂದು ಮೈಸೂರಿನಲ್ಲಿದ್ದ ಆಕೆಯ ಅಮ್ಮ ಅಂಚಿನಲ್ಲಿ ಮೂರು ಮಡಿಕೆ ಹಿಡಿದು, ಕೈಯಲ್ಲೇ ಹೊಲಿದು ಕಳಿಸಿದ್ದರು. ಆಕೆ ಮಂಡಿಯೂರಿ, ಅಂಚಿಗೂ ನೆಲಕ್ಕೂ ನಡುವೆ ಬೆರಳಿಟ್ಟು ನೋಡಿ, "ಇನ್ನೂ ಬೇಡ ಬಿಡಿ" ಎನ್ನುತ್ತಿದ್ದರು.

ಮಗು ಬಾಯಿ ತೆರೆದೇ ಉಸಿರಾಡುತ್ತಿತ್ತು. ಮಲಗಿದರೆ ಗೊರಕೆ, ತುತ್ತು ನುಂಗಲು ಕಷ್ಟ; ಬೆಳವಣಿಗೆಯೇ ಇರಲಿಲ್ಲ. "ಒಂದಾದ್ರೂ ಬಿಚ್ಚಿದ್ಯೇನೇ?" ಎಂದು ಅವರಮ್ಮ ವಾರವಾರವೂ ಸ್ಪೀಕರ್ ಫೋನಿನಲ್ಲಿ ಕೇಳುವುದು ನಮ್ಮ ಹಿತ್ತಲಿನ ಮರದ ಡೆಕ್ಕಿಗೂ ಕೇಳಿಸುತ್ತಿತ್ತು.

ಕೊನೆಗೆ ಡಾಕ್ಟರು ಗಂಟಲಿನ ಟಾನ್ಸಿಲ್, ಮೂಗಿನ ಹಿಂದೆ ಊದಿದ್ದ ಅಡಿನಾಯ್ಡ್ ಎರಡನ್ನೂ ತೆಗೆದರು. ಮುಂದಿನ ತಿಂಗಳೇ ಅವರಮ್ಮ ಕೋವಿಡ್‌ನಲ್ಲಿ ತೀರಿಕೊಂಡರು. ಊರಿಗೆ ಹೋದರೆ ವಾಪಸು ಬರಲು ವೀಸಾ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಕೊಳ್ಳುವ ಭಯಕ್ಕೆ ಆಕೆ ಹೋಗಲಿಲ್ಲ.

ಮಗು ಮಾತ್ರ ಬಾಯಿ ಮುಚ್ಚಿ ನಿದ್ದೆ ಮಾಡಿತು, ಕೇಳಿ ಕೇಳಿ ಊಟ ಮಾಡಿತು, ಬೆಳೆಯಿತು. ಮರುವರ್ಷದ ಯುಗಾದಿಗೆ ಒಟ್ಟಿಗೆ ಎರಡು ಮಡಿಕೆ ಬಿಚ್ಚಬೇಕಾಯಿತು.

ಅದರ ಮುಂದಿನ ಯುಗಾದಿಗೆ ಲಂಗ ಕಣಕಾಲಿನ ಮೇಲೆ ನಿಂತಿತ್ತು.

"ಅಮ್ಮಾ, ಇಟ್ಸ್ ಟೂ ಶಾರ್ಟ್!" ಎಂದಳು ಮಗಳು.

ನಾನು ಕತ್ತರಿ ತಂದುಕೊಟ್ಟೆ. ಆಕೆ ಮಂಡಿಯೂರಿ, ಉಳಿದ ಒಂದೇ ಮಡಿಕೆಯ ಸಣ್ಣ ಸಣ್ಣ ಹೊಲಿಗೆಗಳ ಮೇಲೆ ಬೆರಳಾಡಿಸಿದರು.

"ಇನ್ನೂ ಬೇಡ ಬಿಡಿ" ಎಂದರು.