ತಮ್ಮ ಕಟ್ಟಿದ ಸಂಕ

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಗ ನಮ್ಮೂರಿಗೆ ಫೋನು ಬಂದಿರಲಿಲ್ಲ. ಸೈನ್ಯದಲ್ಲಿದ್ದ ತಮ್ಮನಿಗೆ ಮನೆಯಿಂದ ಕಾಗದ ಬರೆಯುತ್ತಿದ್ದವನು ನಾನೇ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಬರೆದದ್ದು, ಓದಿ ಹೇಳಿದ್ದೆಲ್ಲ ನಿಜ ಎಂದು ನಂಬಿದ್ದಳು.

ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬರಬೇಕಾದರೆ ಒಂದು ಹಳ್ಳ ದಾಟಬೇಕು. ಮಳೆಗಾಲಕ್ಕೆ ಮುಂಚೆ ಅದಕ್ಕೆ ಎರಡು ಮರದ ದಿಮ್ಮಿ ಹಾಸಿ ಸಂಕ ಮಾಡುವುದು ಮನೆಯ ಹಿರಿಮಗನ ಕೆಲಸ. ಅಪ್ಪ ಹೋದ ಮೇಲೆ ಪ್ರತಿ ವರ್ಷ ನಾನೇ ಹಾಸುತ್ತಿದ್ದೆ. ಪ್ರತಿ ವರ್ಷವೂ ಆಷಾಢದ ನೀರು ಅದನ್ನು ಎಳೆದುಕೊಂಡು ಹೋಗುತ್ತಿತ್ತು.

ತಮ್ಮ ಇದ್ದದ್ದು ಇಂಜಿನಿಯರ್ ದಳದಲ್ಲಿ. ಸೇತುವೆ ಕಟ್ಟುವುದು, ನೆಲದಲ್ಲಿ ಹೂತ ಬಾಂಬು ತೆಗೆಯುವುದು ಅವರ ಕೆಲಸ. ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗುವ ಮುಂಚೆ ರಜೆಗೆ ಬಂದವನು, ಎರಡೂ ದಡದ ಮರಗಳಿಗೆ ಉಕ್ಕಿನ ಹಗ್ಗ ಬಿಗಿದು, ಹಲಗೆ ಜೋಡಿಸಿ, ಒಂದೊಂದು ಹಲಗೆಗೂ ಬಿಳಿ ಬಣ್ಣದಲ್ಲಿ ನಂಬರು ಬರೆದು ತೂಗುಸಂಕ ಕಟ್ಟಿದ. ಆ ವರ್ಷದ ಮಳೆಗೆ ಅದು ಜಗ್ಗಲಿಲ್ಲ. ಊರಿನವರು ಮಿಲ್ಟ್ರಿ ಸಂಕ ಅಂದರು.

"ನೀನು ಹಾಕ್ತಿದ್ದ ದಿಮ್ಮಿ ಮೀನ್ಗಳು ಆಟ ಆಡಕ್ಕಾಗಿತ್ತು ಕಣೋ ಮಾರಾಯ," ಎಂದು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಕ್ಕ. ನಾನೂ ನಕ್ಕೆ. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ, ಕೊಟ್ಟಿಗೆಗೆ ಅಟ್ಟ ಬೇಕೆಂದು ನೆಪ ಹೇಳಿ ಸಂಕ ಬಿಚ್ಚಲು ಹೊರಟೆ.

"ಅವ್ನು ಕಟ್ಟಿದ್ದು ಕಣಪ್ಪ. ಬರ್ದು ಕೇಳು," ಅಂದಳು ಅವ್ವ.

"ಕೇಳ್ದೆ ಕಣವ್ವ. ಬಿಚ್ಕೋ ಅಂದವ್ನೆ."

ಕೇಳಿರಲಿಲ್ಲ. ಅವನು ಮಾತ್ರ ಪ್ರತಿ ಕಾಗದದಲ್ಲೂ ಸಂಕ ಹೇಗಿದೆ ಎಂದು ಕೇಳುತ್ತಿದ್ದ. ಗಟ್ಟಿಯಾಗಿದೆ ಎಂದು ಬರೆಯುತ್ತಿದ್ದೆ. ಆ ವರ್ಷ ಮತ್ತೆ ದಿಮ್ಮಿ ಹಾಸಿದೆ. ಹೋಯಿತು.

ಅದೇ ಮಳೆಗಾಲದಲ್ಲಿ, ಆಫ್ರಿಕಾದ ಯಾವುದೋ ರಸ್ತೆಯಲ್ಲಿ ಬಾಂಬು ತೆಗೆಯುವಾಗ ತಮ್ಮ ಸತ್ತ. ಇಪ್ಪತ್ತಾರು ವರ್ಷ ಅವನಿಗೆ. ಪೆಟ್ಟಿಗೆ ಹಳ್ಳದ ಆಚೆ ದಡಕ್ಕೆ ಬಂದಾಗ ನೀರು ಸೊಂಟದವರೆಗಿತ್ತು. ಸೈನಿಕರು ಅದನ್ನು ಹೆಗಲಿಗೇರಿಸಿ ಬೂಟು ಸಮೇತ ಇಳಿದರು. ಮಧ್ಯದಲ್ಲಿ ಒಬ್ಬ ಜಾರಿದ. ಪೆಟ್ಟಿಗೆಯ ಒಂದು ಮೂಲೆ ನೀರಿಗೆ ತಾಗಿತು.

ದಡ ಹತ್ತಿದ ಮೇಲೆ, ಆಫ್ರಿಕಾದಿಂದ ಪೆಟ್ಟಿಗೆಯ ಜೊತೆ ಬಂದಿದ್ದ ಕನ್ನಡದ ಹುಡುಗನೊಬ್ಬ ಒದ್ದೆ ಬಟ್ಟೆಯಲ್ಲೇ ನನ್ನ ಹತ್ತಿರ ಬಂದ.

"ಅಣ್ಣಾ, ಅವನು ಕಟ್ಟಿದ ಸಂಕ ಎಲ್ಲಿ? ನಿಮ್ಮ ಕಾಗದ ನಮಗೆಲ್ಲ ಓದಿ ಹೇಳ್ತಿದ್ದ. ಗಟ್ಟಿಯಾಗಿದೆ ಅಂತ ಹೋದ ತಿಂಗಳೂ ಬರೆದಿದ್ರಲ್ಲ?"

ಅವ್ವ ಪಕ್ಕದಲ್ಲೇ ಇದ್ದಳು. ಅಳು ನಿಲ್ಲಿಸಿ ನನ್ನನ್ನು ನೋಡಿದಳು.

"ಮೊನ್ನೆ ನೀರು ಎಳ್ಕೊಂಡೋಯ್ತು," ಅಂದೆ.

ಅಂಗಳಕ್ಕೆ ಕೊಟ್ಟಿಗೆ ದಾಟಿಯೇ ಹೋಗಬೇಕು. ಅಟ್ಟದ ಹಲಗೆಗಳ ಅಡಿಯಲ್ಲಿ ಬಿಳಿ ನಂಬರುಗಳು ಕಾಣುತ್ತಿದ್ದವು. ಆ ಹುಡುಗ ತಲೆ ಎತ್ತಿ ನೋಡಿದ.

ತಿಥಿ ಮುಗಿದ ಮೇಲೆ ಹಲಗೆಗಳನ್ನು ಇಳಿಸಿ, ಅವನು ಹಾಕಿದ ನಂಬರಿನ ಪ್ರಕಾರವೇ ಸಂಕ ಕಟ್ಟಿದೆ. ಊರಿನವರೆಲ್ಲ ಅದರ ಮೇಲೆ ಓಡಾಡಿದರು. ಅವ್ವ ಮಾತ್ರ ಬದುಕಿದ್ದಷ್ಟು ದಿನ ಸೀರೆ ಎತ್ತಿ ಕಟ್ಟಿ, ನೀರಿಗಿಳಿದೇ ದಾಟಿದಳು. ಕೈ ಹಿಡಿಯಲು ಹೋದರೆ, "ಬುಡು, ನೀನು ಸಂಕದ್ ಮ್ಯಾಲೆ ಬಾ," ಅನ್ನುತ್ತಿದ್ದಳು.