ಮೇಲಿನ ನೀರು, ಕೆಳಗಿನ ಮೀನು

ಇಂಗಿನ ಡಬ್ಬಿಯ ಮುಚ್ಚಳ ತೆಗೆದರೆ ಬೇರೆಯವರಿಗೆ ಸಾರಿನ ಒಗ್ಗರಣೆ ನೆನಪಾಗುತ್ತದೆ. ನನಗೆ ಮೀನು ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಇಂಗನ್ನು ಮನುಷ್ಯರು ತಿನ್ನುತ್ತಿರಲಿಲ್ಲ, ಮೀನು ತಿನ್ನುತ್ತಿದ್ದವು. ಮುನವಳ್ಳಿ ಸಂತೆಯಿಂದ ಕಾಗದದ ಚೂರಿನಲ್ಲಿ ಕಟ್ಟಿಸಿಕೊಂಡು ತಂದ ಕಡಲೆಕಾಳಿನಷ್ಟು ಇಂಗನ್ನು ಅತ್ತೆ ಬಿಸಿನೀರಿನಲ್ಲಿ ಕರಗಿಸಿ, ಜೋಳದ ಹಿಟ್ಟಿಗೆ ಸುರಿದು, ಒಂದು ತುಣುಕು ಬೆಲ್ಲ ಹಾಕಿ ನಾದುತ್ತಿದ್ದಳು. ರೊಟ್ಟಿಯ ಹಿಟ್ಟಿಗೆ ಕೂಡ ಅವಳು ಅಷ್ಟು ಹೊತ್ತು ಕೊಟ್ಟವಳಲ್ಲ. ಆ ಘಾಟು ನಮ್ಮ ಒಂದೇ ಅಂಕಣದ ಮಣ್ಣಿನ ಮಾಳಿಗೆಯ ತುಂಬ, ಕೌದಿಯ ಮಡಿಕೆಯೊಳಗೆ, ನನ್ನ ಸಾಲೆಯ ಚೀಲದೊಳಗೆ ಸಹ ಇಳಿದು ವಾರಗಟ್ಟಲೆ ಕೂತಿರುತ್ತಿತ್ತು. ನಾನು ಬೆಲ್ಲದ ಕಡೆ ಕೈ ಚಾಚಿದರೆ ಅತ್ತೆ ಗದರುತ್ತಿದ್ದಳು: "ನೀಲಿ, ಮುಟ್ಟೀ ಅಂದ್ರ ಕೈ ಮುರೀತೇನಿ. ಅದು ಬೀಗರ ಪಾಲಿಂದು." ಬೀಗರು ಎಂದರೆ ಮೀನುಗಳು. ವರ್ಷಕ್ಕೊಮ್ಮೆ ಬರುವವರು, ಬಂದಾಗ ಉಪಚಾರ ಮಾಡಬೇಕಾದವರು.

ಅತ್ತೆ ಎಂದರೆ ಅಪ್ಪನ ಅಕ್ಕ, ಕಾಶವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮೊಡನೆ ಇದ್ದಳು. ಅಪ್ಪ ನವಿಲುತೀರ್ಥದ ಕಾಲುವೆ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಕಂಡವರ ಹೊಲಕ್ಕೆ. ನನ್ನ ತಲೆ ಬಾಚಿದ್ದು, ನನಗೆ ಬೈದದ್ದು, ನನ್ನನ್ನು ಸಾಲೆಯ ಬಾಗಿಲವರೆಗೆ ಎಳೆದುಕೊಂಡು ಹೋದದ್ದು ಎಲ್ಲ ಅತ್ತೆಯೇ. ಮುನವಳ್ಳಿ ದಾಟಿ ಹೊಳೆಯ ದಂಡೆ ಹಿಡಿದು ಹೋದರೆ ಸಿಗುವ ಊರು ನಮ್ಮದು. ಊರ ಮಗ್ಗುಲಲ್ಲಿ ಒಂದು ಹಳ್ಳ ಇಳಿದು ಬಂದು ಮಲಪ್ರಭೆಗೆ ಸೇರುತ್ತಿತ್ತು. ಊರಿನವರು ಮುಟ್ಟದ ಕೇರಿ ನಮ್ಮದು. ಮುಂಬೈಯ ನೆಂಟರು ಕೊಟ್ಟ ಬುದ್ಧನ ಚಿತ್ರವನ್ನು ಅಪ್ಪ ಗೋಡೆಗೆ ಹಾಕಿದ್ದ. ಆದರೆ ಹಳ್ಳದ ದಂಡೆಯಲ್ಲಿ ಬುದ್ಧನ ಮಾತು ನಡೆಯುತ್ತಿರಲಿಲ್ಲ, ಇನಾಮದಾರರ ಮಾತು ನಡೆಯುತ್ತಿತ್ತು.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಮೀನು ತಿಂದರೆ ವರ್ಷವಿಡೀ ದಮ್ಮು ಕೆಮ್ಮು ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಅದೇ ಹೊತ್ತಿಗೆ ಹಳ್ಳಕ್ಕೆ ಹೊಸ ನೀರು ಬರುತ್ತಿತ್ತು, ಹೊಳೆಯ ಮೀನುಗಳು ಮೊಟ್ಟೆ ಇಡಲು ನೀರಿಗೆ ಎದುರಾಗಿ ಹಳ್ಳವನ್ನು ಹತ್ತುತ್ತಿದ್ದವು. ಹಾಗಾಗಿ ಆ ಕೆಲವು ದಿನ ಹಳ್ಳದ ದಂಡೆಯ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಂಬಿಗರು, ಕುರುಬರು, ಮುಸಲ್ಮಾನರು, ಇನಾಮದಾರರ ವಾಡೆಯವರು, ಎಲ್ಲರ ಕೈಯಲ್ಲೂ ಬಿದಿರುಕೋಲು. ಅಷ್ಟು ಜನ ಅಷ್ಟು ಸಣ್ಣ ಹಳ್ಳಕ್ಕೆ ದಾರ ಇಳಿಬಿಟ್ಟರೂ ಜಗಳ ಆಗುತ್ತಿರಲಿಲ್ಲ, ಯಾಕೆಂದರೆ ಹಳ್ಳಕ್ಕೆ ತನ್ನದೇ ಕಾಯಿದೆ ಇತ್ತು. ಒಬ್ಬರ ದಾರದ ಮೇಲೆ ಇನ್ನೊಬ್ಬರು ಅಡ್ಡ ದಾರ ಹಾಕಬಾರದು. ಯಾರಿಗಾದರೂ ದೊಡ್ಡ ಮೀನು ಹತ್ತಿತೆಂದರೆ ಪಕ್ಕದವನು "ಗಾಳ ಎತ್ರಿ" ಎಂದು ಕೂಗಬೇಕು, ಎಲ್ಲರೂ ತಮ್ಮ ದಾರ ಮೇಲೆತ್ತಿ ಅವನಿಗೆ ಹಾದಿ ಬಿಡಬೇಕು. ಹೊಟ್ಟೆ ಉಬ್ಬಿದ ಬಸುರಿ ಮೀನು ಸಿಕ್ಕರೆ ತೋಯಿಸಿದ ಕೈಯಿಂದಲೇ ಹಿಡಿದು, ಗಾಳ ಬಿಡಿಸಿ, ವಾಪಸು ಬಿಡಬೇಕು. ಒಣ ಕೈ ತಾಗಿದರೆ ಮೀನಿನ ಮೈ ಸುಡುತ್ತದೆ ಎನ್ನುತ್ತಿದ್ದಳು ಅತ್ತೆ.

ಇನ್ನೊಂದು ಕಾಯಿದೆ ಇತ್ತು. ಅದನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ವಾಡೆಯವರು, ಅವರ ಕೆಳಗೆ ಉಳಿದವರು, ಎಲ್ಲರಿಗಿಂತ ಕೆಳಗೆ, ಹಳ್ಳ ಹೊಳೆಗೆ ಬೀಳುವ ಬಾಯಲ್ಲಿ ನಾವು. ನಾವು ಮುಟ್ಟಿದ ನೀರು ಯಾರ ಕಡೆಗೂ ಹರಿಯಬಾರದಲ್ಲ! ಕುಡಿಯುವ ನೀರಿಗೂ ಇದೇ ಲೆಕ್ಕ. ಹೊಸ ನೀರು ಬಗ್ಗಡವಾದ್ದರಿಂದ ದಂಡೆಯ ಉಸುಕಿನಲ್ಲಿ ವರತಿ ತೋಡುತ್ತಿದ್ದರು. ಆ ಕುಣಿಯಲ್ಲಿ ನೀರು ಸೋಸಿ ತಿಳಿಯಾಗಿ ನಿಲ್ಲುತ್ತಿತ್ತು. ವಾಡೆಯವರ ವರತಿ ಎಲ್ಲಕ್ಕೂ ಮೇಲೆ. ನಮ್ಮದು ಎಮ್ಮೆಗಳ ಮೈ ತೊಳೆಯುವ ಜಾಗದ ಕೆಳಗೆ.

ಆದರೆ ನೋಡಿ, ಈ ಕಾಯಿದೆ ಮಾಡಿದವರು ಒಂದು ಸಂಗತಿ ಮರೆತಿದ್ದರು. ನೀರು ಮೇಲಿನಿಂದ ಬರುತ್ತದೆ, ಮೀನು ಕೆಳಗಿನಿಂದ ಬರುತ್ತದೆ. ಹೊಳೆಯಿಂದ ಹಳ್ಳಕ್ಕೆ ತಿರುಗುವ ಪ್ರತಿ ಮೀನೂ ಮೊದಲು ನಮ್ಮ ಅತ್ತೆಯ ಗಾಳದ ಮುಂದೆ ಹಾದುಹೋಗಬೇಕಿತ್ತು. ಕಣ್ಣಿಗೆ ಹೊಡೆಯುವಂಥ ಸಂಗತಿ ಇದು. ಆದರೂ ಕೆಳಗೆ ಎಂದರೆ ಕೀಳು ಎಂದು ಒಮ್ಮೆ ತಲೆಯಲ್ಲಿ ಕೂತರೆ ಕಣ್ಣು ಕೆಲಸ ಮಾಡುವುದಿಲ್ಲ. ಅತ್ತೆಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಪ್ರತಿ ವರ್ಷ ಮಿರಗದ ದಿನ ದಂಡೆಗೆ ಬಂದವಳೇ ಎಲ್ಲರಿಗೂ ಕೇಳುವಂತೆ ರಾಗ ತೆಗೆಯುತ್ತಿದ್ದಳು: "ನಮ್ಮ ಹಣ್ಯಾಗ ಬರದದ್ದs ಎಂಜಲಾ. ಮಂದಿ ಬಿಟ್ಟ ನೀರಾಗ ನಮಗೇನ ಸಿಗತೈತಿ, ಕಪ್ಪಿ!" ಸಂಜೆ ಸೆರಗಿನ ಕೆಳಗೆ ಬುಟ್ಟಿ ಮುಚ್ಚಿಕೊಂಡು ಮನೆಗೆ ಬಂದು, ಬಾಗಿಲು ಹಾಕಿ, ಗೆಂಡೆ ಮೀನುಗಳನ್ನು ನೆಲಕ್ಕೆ ಸುರಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂಥ ನಗುವನ್ನು ನಾನು ಆಮೇಲೆ ಯಾರ ಮನೆಯಲ್ಲೂ ಕೇಳಿಲ್ಲ.

ಬಗ್ಗಡ ನೀರಿನಲ್ಲಿ ಜೋಳದ ದಂಟಿನ ಬೆಂಡು ತೇಲಿಬಿಟ್ಟು ಅದನ್ನೇ ನೋಡುತ್ತ ಕೂರುವವರು ಬೇರೆಯವರು. ಅತ್ತೆ ಬೆಂಡು ಕಟ್ಟುತ್ತಿರಲಿಲ್ಲ. ದಾರಕ್ಕೆ ಸಣ್ಣ ಹರಳು ಕಟ್ಟಿ, ಹಿಟ್ಟಿನ ಉಂಡೆ ತಳದ ಮೇಲೆ ಉರುಳುತ್ತ ಹೋಗುವಂತೆ ಬಿಟ್ಟು, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದಳು. ನನಗೂ ಹಾಗೇ ಕಲಿಸಿದಳು. "ಮೀನ ಮೊದಲ ಮುದ್ದ ಕೊಡತೈತಿ, ಆಗ ಜಗ್ಗಬ್ಯಾಡ. ಮದುವಿ ಆಗೂತನಕ ತಡಿ" ಎನ್ನುತ್ತಿದ್ದಳು. ಹತ್ತಿದ ಮೇಲೂ ಎಳೆಯಬಾರದು. ಅದರೊಡನೆ ದಂಡೆಗುಂಟ ನಡೆಯಬೇಕು, ಅದು ದಣಿದು ತಾನಾಗಿ ಮಗ್ಗುಲಾದಾಗ ನೀರಲ್ಲಿ ಇಳಿದು ಎತ್ತಿಕೊಳ್ಳಬೇಕು. ನನ್ನ ಬೆರಳಿಗೆ ಮೊದಲ ಬಾರಿ ಆ ಮುದ್ದು ತಗುಲಿದಾಗ ಮೈ ಜುಮ್ಮೆಂದದ್ದು ಈಗಲೂ ಬೆರಳಿನಲ್ಲಿದೆ.

ನವಿಲುತೀರ್ಥದ ಅಣೆಕಟ್ಟು ತುಂಬಿದ ಮೇಲಿನ ಯಾವುದೋ ವರ್ಷ, ನಾನು ಕನ್ನಡ ಸಾಲೆಯ ಕೊನೆಯ ಇಯತ್ತೆಯಲ್ಲಿದ್ದಾಗ, ಇನಾಮದಾರರ ಮಗ ಬಾಬೂರಾವ ಪುಣೆಯಿಂದ ಚಕ್ರದ ಗಾಳ ತಂದ. ಹಿಡಿ ತಿರುವಿದರೆ ದಾರ ತಾನೇ ಸುತ್ತಿಕೊಳ್ಳುವಂಥದು. ಬೀಸಿ ಒಗೆದರೆ ಆಚೆ ದಂಡೆಗೆ ಬೀಳುತ್ತಿತ್ತು, ಬೀಳುವಾಗ ನಡುವಿನ ಎಲ್ಲರ ದಾರಗಳ ಮೇಲೆ ಅಡ್ಡ ಬೀಳುತ್ತಿತ್ತು. ಎರಡು ದಿನ ಜನ ಸುಮ್ಮನೆ ತಮ್ಮ ದಾರ ಬಿಡಿಸಿಕೊಂಡರು. ಅಷ್ಟಾದರೂ ಅವನಿಗೆ ಒಂದೂ ಮೀನು ಬೀಳಲಿಲ್ಲ. ಮೂರನೆಯ ದಿನ ದಂಡೆಗುಂಟ ಅಡ್ಡಾಡುತ್ತ ಕೆಳಗೆ ಬಂದವನು ಅತ್ತೆಯ ಬುಟ್ಟಿಯ ಮೇಲಿನ ಸೊಪ್ಪನ್ನು ಬೂಟಿನಿಂದ ಸರಿಸಿ ನೋಡಿದ.

"ಏ ಕಾಶಿ, ಏಳ ಇಲ್ಲಿಂದ. ಈ ಜಾಗಾ ನನಗ ಬೇಕು."

"ನಾ ಎಲ್ಲಿಗಿ ಹೋಗ್ಲಿರಿ ಸಾವಕಾರ್ರ? ಕೆಳಗ ಹೊಳಿ ಐತಿ. ಈಸಾಕ ನಾನೇನ ಎಮ್ಮಿ ಅಲ್ಲ."

ದಂಡೆಯ ಮೇಲಿನವರು ನಕ್ಕರು. ಬಾಬೂರಾವನ ಮುಖ ಕೆಂಪಾಯಿತು. "ಕೆಳಗ ಆಗದಿದ್ರ ಮ್ಯಾಲ ಹೋಗ!"

ಅತ್ತೆ ಎದ್ದು ನಿಂತಳು. ನಿಧಾನವಾಗಿ ದಾರ ಸುತ್ತಿಕೊಂಡಳು. "ಮ್ಯಾಲಂದ್ರ ಎಲ್ಲಿತನಕರಿ?"

"ಎಲ್ಲಿ ಬೇಕಾದಲ್ಲಿ ಹೋಗ. ಈ ಜಾಗಾ ಬಿಟ್ರ ಸಾಕು."

"ಎಲ್ಲಾರೂ ಕೇಳಿದ್ರಿಲ್ಲೋ?" ಎಂದು ಅತ್ತೆ ಸುತ್ತ ನೋಡಿದಳು. ಪಕ್ಕದಲ್ಲಿ ಹುಸೇನಸಾಬ ಎಂಬ ಮುದುಕ ಗಾಳ ಹಾಕಿಕೊಂಡು ಕೂತಿದ್ದ. "ಮಾಮಾ, ನೀವು ಕೇಳಿದ್ರಿ?"

"ಕೇಳೀನವಾ. ಹಲ್ಲ ಹೋಗ್ಯಾವು, ಕಿವಿ ಇನ್ನೂ ಚಲೋ ಅದಾವು."

ಅತ್ತೆ ನನ್ನ ಕೈಗೆ ಹಿಟ್ಟಿನ ಗಂಟು ಕೊಟ್ಟು ನಡೆದಳು. ನಾನು ಹಿಂದೆ. ಅಂಬಿಗರನ್ನು ದಾಟಿದೆವು, ಕುರುಬರನ್ನು ದಾಟಿದೆವು. ಎಲ್ಲಾದರೂ ನಿಲ್ಲುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ನಿಲ್ಲಲಿಲ್ಲ. ವಾಡೆಯವರು ನಿಲ್ಲುವ ಕಲ್ಲನ್ನೂ ದಾಟಿ ಅವರ ವರತಿಯ ಹತ್ತಿರ ಹೋಗಿ, ಹಳ್ಳದಲ್ಲಿ ಮೊಣಕಾಲತನಕ ಇಳಿದು ಮೀನಿನ ಲೋಳೆ ಹತ್ತಿದ ಕೈಕಾಲು ತೊಳೆದಳು. ಆಮೇಲೆ ವರತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೊಗಸೆ ತುಂಬ ನೀರೆತ್ತಿ ಕುಡಿದಳು. ನನಗೂ ಕುಡಿಸಿದಳು. ಒಂದೇ ಹಳ್ಳದ ನೀರು ಅಷ್ಟು ತಂಪಾಗಿ ಇರಬಹುದೆಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ. ಕುಡಿದು ಬಾಯಿ ಒರೆಸಿಕೊಳ್ಳುವಾಗಲೇ ನನ್ನೊಳಗೆ ಸಿಟ್ಟು ಹುಟ್ಟಿದ್ದು. ಇಷ್ಟು ದಿನ ಇದನ್ನು ನಮ್ಮಿಂದ ಮುಚ್ಚಿಟ್ಟಿದ್ದರು ಎಂದು.

ಬಾಬೂರಾವನ ಕಾಕಿ, ಅವನ ಚಿಕ್ಕಮ್ಮ, ಕೊಡ ಹೊತ್ತುಕೊಂಡು ಅದೇ ಹೊತ್ತಿಗೆ ಬಂದಳು. "ಅಯ್ಯ ದೇವರ! ಏ ಕಾಶಿ, ಎದರಾಗ ಕೈ ಇಟ್ಟಿ?"

"ನೀರಾಗ್ರಿ ಕಾಕಿ."

"ಏಳ! ಯಾರ ಹೇಳಿದ್ರ ನಿನಗ?"

"ನಿಮ್ಮ ಬಾಬೂ ಸಾವಕಾರ್ರs ಹುಕುಂ ಮಾಡ್ಯಾರ್ರಿ. ಮ್ಯಾಲ ಎಲ್ಲಿ ಬೇಕಾದಲ್ಲಿ ಹೋಗ ಅಂದಾರ. ಕೇಳ್ರಿ ಬೇಕಾದ್ರ."

ಕಾಕಿ ಕೊಡ ಕೆಳಗಿಟ್ಟು ಹಳ್ಳದ ಕೆಳಗಿನತನಕ ಕೇಳುವಂತೆ ಕೂಗಿದಳು: "ಬಾಬೂ! ಈಕಿನ್ನ ಕೆಳಗ ಕರಕೊಳ್ಳೋ!" ಕೆಳಗೆ, ನಮ್ಮ ಜಾಗದಲ್ಲಿ ನಿಂತ ಬಾಬೂರಾವನ ಕೋಲು ಆ ಹೊತ್ತಿಗೇ ಬಿಲ್ಲಿನಂತೆ ಬಾಗಿತ್ತು. ಬಾಳೆ ಮೀನು ಹತ್ತಿತ್ತು, ಹಳ್ಳದಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ನೀರಿನಿಂದ ಒಮ್ಮೆ ಎದ್ದಾಗ ಅದರ ಬೆನ್ನು ಎಳೆಗರುವಿನ ಬೆನ್ನಿನಷ್ಟು ಕಂಡಿತು. ಅವನು ತಿರುಗಿ ಕೂಡ ನೋಡಲಿಲ್ಲ. "ಇರ್ಲಿ ಬಿಡ ಕಾಕಿ! ಅಲ್ಲೇ ಇರ್ಲಿ ಆಕಿ! ಮೀನ ಹತ್ತೈತಿ!"

ಆ ಮಾತನ್ನು ಎರಡೂ ದಂಡೆಯವರು ಕೇಳಿದರು. ಇನಾಮದಾರರ ಬಾಯಿಂದ ಬಂದ ಮಾತು, ಇನ್ನು ಅದನ್ನು ನುಂಗುವ ಹಾಗಿರಲಿಲ್ಲ, ಅಳಿಸುವ ಹಾಗೂ ಇರಲಿಲ್ಲ. ಅವನು ಸರಸರನೆ ಚಕ್ರ ತಿರುವಿದ. ಮೀನು ಮೇಲಕ್ಕೆ ನುಗ್ಗಿತು, ಜನ ದಾರ ಬಿಟ್ಟ ಕಡೆಗೆ. "ಗಾಳ ಎತ್ರಿ" ಎಂದು ಯಾರಾದರೂ ಕೂಗಬೇಕಿತ್ತು. ಯಾರೂ ಕೂಗಲಿಲ್ಲ. ಹುಸೇನಸಾಬ ಬೀಡಿ ಹಚ್ಚಿಕೊಳ್ಳುತ್ತಿದ್ದ. ಅಂಬಿಗರು ಆಕಾಶ ನೋಡುತ್ತಿದ್ದರು. ಒಬ್ಬರ ದಾರವೂ ಮೇಲೇಳಲಿಲ್ಲ. ಬಾಳೆ ಮೀನು ಎಲ್ಲರ ದಾರಗಳ ನಡುವೆ ಹಾದು ಅವನ ದಾರವನ್ನು ಸಿಕ್ಕು ಮಾಡಿ, ಕಡಿದುಕೊಂಡು, ಹೊಳೆಗೆ ತಿರುಗಿಹೋಯಿತು. ಕಾಕಿ ಖಾಲಿ ಕೊಡ ಎತ್ತಿಕೊಂಡು, "ಮೀನಿನ ಸಲುವಾಗಿ ನೀರ ಕೆಡಿಸಿದ್ಯಲ್ಲೋ ಬಾಬ್ಯಾ" ಎಂದು ತಲೆ ಚಚ್ಚಿಕೊಂಡಳು. ಅತ್ತೆ ನನ್ನ ಕಿವಿಯಲ್ಲಿ, "ಪಾಪ, ಮೀನೂ ಹೋತು, ನೀರೂ ಹೋತು" ಎಂದಳು.

ಮರುದಿನದಿಂದ ನಮ್ಮ ಕೇರಿಯ ಹೆಂಗಸರು ಮೇಲಿನ ವರತಿಗೆ ಹೋದರು. ಯಾರಾದರೂ ತಡೆದರೆ, "ಇನಾಮದಾರರು ಹೇಳ್ಯಾರ" ಎನ್ನುತ್ತಿದ್ದರು. ವಾಡೆಯವರು ಮತ್ತೂ ಮೇಲೆ ಇನ್ನೊಂದು ವರತಿ ತೋಡಲು ಹೋದರು. ಅಲ್ಲಿ ಬರೀ ಬಂಡೆ ಇತ್ತು.

ಬಾಬೂರಾವ ಒಂದು ವರ್ಷ ಕಾದ. ಮುಂದಿನ ಮಿರಗಕ್ಕೆ, ಮೀನು ಹತ್ತಿ ಹಳ್ಳದ ಮಡುವಿನಲ್ಲಿ ಕಿಕ್ಕಿರಿದು ಸೇರಿದ್ದ ಬೆಳಗ್ಗೆ, ಬಂಡೆ ಒಡೆಯುವ ಮದ್ದು ತರಿಸಿ ತನ್ನ ಆಳಿನ ಕೈಯಿಂದ ಮಡುವಿಗೆ ಹಾಕಿಸಿದ. ನಮ್ಮ ಮಾಳಿಗೆಯ ಮಣ್ಣು ಉದುರಿತು. ಓಡಿಹೋಗಿ ನೋಡಿದರೆ ಹಳ್ಳದ ತುಂಬ ಬಿಳಿ ಹೊಟ್ಟೆಗಳು. ಅವುಗಳಲ್ಲಿ ಅರ್ಧಕ್ಕರ್ಧ ಬಸುರಿ ಮೀನುಗಳು. ಕೆಲವು ಒಡೆದು ಮೊಟ್ಟೆಗಳು ರಾಗಿಯಂತೆ ನೀರಿನ ಮೇಲೆ ಹರಡಿದ್ದವು. ಜನ ಬುಟ್ಟಿ, ಬಗೋಣಿ ತಂದು ಆರಿಸಿಕೊಂಡರು, ನಮ್ಮ ಕೇರಿಯವರೂ ಆರಿಸಿಕೊಂಡರು, ನಾನು ಅವರನ್ನು ದೂರುವುದಿಲ್ಲ. ಅತ್ತೆ ಮಾತ್ರ ಆರಿಸಲಿಲ್ಲ. ದಂಡೆಯ ಮೇಲೆ ಕೂತು, "ನನ್ನ ಮ್ಯಾಲಿನ ಸಿಟ್ಟಿಗೆ ಬಸುರ್ಯಾರನ್ನ ಕೊಂದ" ಎಂದಳು. ಆಮೇಲೆ ಹಳ್ಳಕ್ಕೆ ಮೀನು ಹತ್ತಲಿಲ್ಲ. ಅಣೆಕಟ್ಟೇ ಕಾರಣ ಎಂದರು ಕೆಲವರು. ಇರಬಹುದು. ನಾನು ಅಣೆಕಟ್ಟಿನ ಮೇಲೆ ಸಿಟ್ಟು ಮಾಡಲಾರೆ, ಅದಕ್ಕೆ ಮುಖವಿಲ್ಲ.

ಅತ್ತೆ ಮತ್ತೆ ಗಾಳ ಹಿಡಿಯಲಿಲ್ಲ. ಆದರೆ ಬೇಕಿರಲಿ ಬೇಡದಿರಲಿ, ಸಾಯುವತನಕ ದಿನಾಲು ಮೇಲಿನ ವರತಿಗೆ ಹೋಗಿ ಕೊಡ ತುಂಬಿಕೊಂಡು ವಾಡೆಯ ಮುಂದಿನ ಹಾದಿಯಿಂದಲೇ ಬರುತ್ತಿದ್ದಳು. ನಾನು ಅವಳಿಂದ ಕಲಿತದ್ದು ಅದನ್ನೇ. ಬೈಲಹೊಂಗಲದಲ್ಲಿ ಚಿಮಣಿ ಬೆಳಕಿನಲ್ಲಿ ಓದಿ ಬಿ.ಎ. ಮಾಡಿದೆ, ನಮ್ಮ ಕೇರಿಯಲ್ಲಿ ಮೊದಲನೆಯವಳು. ಜ್ಞಾನದ ಹಸಿವು ಗಿಸಿವು ಎಂದು ಸುಳ್ಳು ಹೇಳಲಾರೆ. ಸಿಟ್ಟಿನಿಂದ ಓದಿದೆ. ಪದವಿಯ ಕಾಗದ ಕೈಗೆ ಬಂದ ದಿನ ನಾನೂ ವಾಡೆಯ ಮುಂದಿನಿಂದಲೇ ನಡೆದುಹೋದೆ.

ಹೋದ ವರ್ಷ ಬಾಬೂರಾವ ತೀರಿಕೊಂಡ. ಊರಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ರಾಮದುರ್ಗದಲ್ಲಿ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದ ನನ್ನನ್ನೂ, ಊರ ಮಗಳು, ಕಲಿತಾಕಿ, ಎರಡು ಚಲೋ ಮಾತು ಹೇಳಲಿ ಎಂದು ಕರೆದರು. ದಯಾಳು ಎಂದರು, ದೊಡ್ಡ ಮನಸ್ಸು ಎಂದರು. ನನ್ನ ಸರದಿ ಬಂದಾಗ ಎದ್ದು ನಿಂತು ನಾನು ಮಿರಗದ ಆ ಬೆಳಗನ್ನು ಹೇಳಿದೆ. ಮದ್ದು ಹಾಕಿಸಿದ್ದನ್ನು ಹೇಳಿದೆ, ನೀರಿನ ಮೇಲೆ ಹರಡಿದ ಮೊಟ್ಟೆಗಳನ್ನು ಹೇಳಿದೆ. ಸತ್ತವರ ಬಗ್ಗೆ ಹಾಗೆ ಹೇಳಬಾರದು ಎಂದು ಯಾರೋ ಗೊಣಗಿದರು. ಸತ್ತ ಮೀನುಗಳ ಬಗ್ಗೆ ಯಾರು ಹೇಳಬೇಕು ಎಂದು ಕೇಳಿ ಕೂತೆ. ಬಹಳ ವರ್ಷಗಳಿಂದ ಕಟ್ಟಿಟ್ಟುಕೊಂಡಿದ್ದನ್ನು ಇಳಿಸಿದ್ದೆ, ಹಗುರಾಗಬೇಕಿತ್ತು, ಆಗಲಿಲ್ಲ.

ಸಭೆ ಮುಗಿದು ಬಸ್ಸಿಗೆ ನಡೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಹುಡುಗ ಓಡಿ ಬಂದ. ಬಾಬೂರಾವನ ಮೊಮ್ಮಗ, ಅದೇ ಗದ್ದ, ಅದೇ ಹುಬ್ಬು. ಬೈಯಲು ಬಂದಿದ್ದಾನೆ, ಬೈಯಲಿ, ನನ್ನ ಹತ್ತಿರ ಇನ್ನೂ ಇದೆ ಎಂದುಕೊಂಡು ನಿಂತೆ. ನಾವು ನಿಂತದ್ದು ಹಳ್ಳದ ಸೇತುವೆಯ ಮೇಲೆ. ಕೆಳಗೆ ಉಸುಕನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹೊತ್ತುಹೋಗಿ ಬರೀ ಎರೆಮಣ್ಣು, ಜಾಲಿ ಕಂಟಿ.

"ಅಕ್ಕೋರ, ಒಂದ ಮಾತ ಕೇಳ್ಲ್ಯಾ? ಈ ಹಳ್ಳದಾಗ ಖರೇನ ಮೀನ ಇದ್ದೂವೇನ್ರಿ?"

ಅವನ ಮುಖದಲ್ಲಿ ಚೇಷ್ಟೆ ಹುಡುಕಿದೆ. ಇರಲಿಲ್ಲ.

"ಇದ್ದೂವು" ಎಂದೆ.

"ಎಷ್ಟ ದೊಡ್ಡೂರಿ?"

ನಾನು ಕೈಚೀಲ ಕೆಳಗಿಟ್ಟು ಎರಡೂ ಕೈ ಅಗಲಿಸಿ ತೋರಿಸಿದೆ. ಅವನು ತನ್ನ ಕೈಗಳನ್ನೂ ಹಾಗೆಯೇ ಅಗಲಿಸಿ, ಅವುಗಳ ನಡುವಿನ ಖಾಲಿಯನ್ನು ನೋಡುತ್ತ ನಿಂತ.